ಹಲಗೆಯಕ್ಕ ಕರೆಸದ ಹಡಗು

ಬಂದರಿನ ಆ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಜವಾನನಿಂದ ಹಿಡಿದು ತಲೆ ನರೆತ ಪ್ರೊಫೆಸರರ ತನಕ ಎಲ್ಲರ ಬಾಯಲ್ಲೂ ಅವಳು ಹಲಗೆಯಕ್ಕ. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಚಾಚಿಕೊಂಡ ಒಂದು ಮರದ ಹಲಗೆ, ಅದರ ಮುಂದೆ ಒಂದು ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ತೋಳು ಮಡಚಿ, ಕನ್ನಡಕ ಹಣೆಗೇರಿಸಿ ಕೂತ ಹೆಂಗಸು. ಆ ಕೋಣೆಯನ್ನು ಹೊಕ್ಕವರಿಗೆ ಮೊದಲು ಕಾಣುತ್ತಿದ್ದುದು ಇಷ್ಟೇ.

ಸಮುದ್ರವನ್ನು ಓದುವವರಿಗೆ ಹಡಗು ಬೇಕು. ಹಡಗು ಸಾಕುವುದೆಂದರೆ ಆನೆ ಸಾಕಿದ ಹಾಗೆ, ಒಂದು ವಿಶ್ವವಿದ್ಯಾಲಯದ ಕೈಯಲ್ಲಿ ಆಗುವ ಮಾತಲ್ಲ. ಅದಕ್ಕೇ ಹತ್ತಾರು ವಿಶ್ವವಿದ್ಯಾಲಯಗಳೂ ಕಾಲೇಜುಗಳೂ ಕೂಡಿಕೊಂಡು ಮೂರು ಹಡಗುಗಳನ್ನು ಹಂಚಿಕೊಂಡು ಬಳಸುತ್ತಿದ್ದವು. ಅವುಗಳ ಮೂತಿಯ ಮೇಲೆ ಬರೆದ ಭಾರೀ ಹೆಸರುಗಳು ಬಣ್ಣ ಬಳಿಯುವವರಿಗೆ ಮಾತ್ರ ಗೊತ್ತು. ಹಡಗಿನವರ ಬಾಯಲ್ಲಿ ಅವು ದೊಡ್ಡಕ್ಕ, ನಡುವಿನವಳು, ಪುಟ್ಟಿ. ಈ ಮೂವರಲ್ಲಿ ಯಾರು, ಯಾವಾಗ, ಯಾವ ವಿಜ್ಞಾನಿಗಳನ್ನು ಹೊತ್ತು ಎಲ್ಲಿಗೆ ಹೋಗಬೇಕು ಎಂದು ಹೊಂದಿಸುವುದು ಹಲಗೆಯಕ್ಕನ ಕೆಲಸ.

ಅವಳು ಅಲ್ಲಿಗೆ ಬಂದದ್ದು ಟೈಪಿಸ್ಟ್ ಆಗಿ. ಆಗ ವರ್ಷದ ಯಾತ್ರೆಗಳನ್ನೆಲ್ಲ ಒಂದು ದೊಡ್ಡ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಗೀಚುತ್ತಿದ್ದರು. ಅಳಿಸಿ ಬರೆದು, ಅಳಿಸಿ ಬರೆದು, ವರ್ಷದ ಅರ್ಧಕ್ಕೆ ಕಾಗದ ತೂತು ಬೀಳುತ್ತಿತ್ತು. ಒಂದು ಸಲ ಒಂದೇ ಹಡಗನ್ನು ಒಂದೇ ವಾರ ಎರಡು ತಂಡಗಳಿಗೆ ಕೊಟ್ಟು, ಎರಡೂ ತಂಡಗಳು ಪೆಟ್ಟಿಗೆ ಹೊತ್ತು ಬಂದು ಹಡಗು ಕಟ್ಟುವ ಧಕ್ಕೆಯ ಮೇಲೆ ಕೈ ಕೈ ಮಿಲಾಯಿಸುವ ಹಂತಕ್ಕೆ ಹೋದವು. ಅವತ್ತೇ ಅವಳು ಬಂದರಿನ ಬಡಗಿಯನ್ನು ಹಿಡಿದು ಹಲಗೆ ಮಾಡಿಸಿದಳು. ಅದರಲ್ಲಿ ಒಂದೊಂದು ಹಡಗಿಗೆ ಒಂದೊಂದು ಗಾಡಿ, ಅಂದರೆ ಪಟ್ಟಿ ಕೂರುವಂಥ ಉದ್ದದ ತೋಡು, ಕೊರೆಸಿದಳು. ಒಂದೊಂದು ಯಾತ್ರೆಗೆ ಒಂದೊಂದು ಬಣ್ಣದ ಮರದ ಪಟ್ಟಿ. ಯಾತ್ರೆ ಉದ್ದವಾದರೆ ಪಟ್ಟಿಯೂ ಉದ್ದ. ಗಾಡಿಯಲ್ಲಿ ಪಟ್ಟಿ ಕೂತರೆ ಹಡಗು ಹೊರಟಂತೆ, ಕೂರದಿದ್ದರೆ ಯಾವ ಮಂತ್ರಿ ಹೇಳಿದರೂ ಇಲ್ಲ. ಮರ ಮುಖ ನೋಡುವುದಿಲ್ಲ ಎನ್ನುತ್ತಿದ್ದಳು.

ವರ್ಷಕ್ಕೊಮ್ಮೆ ಎಲ್ಲ ತಂಡದವರೂ ಆ ಹಲಗೆಯ ಮುಂದೆ ಸೇರುತ್ತಿದ್ದರು. ಓದಿದವರ ಜಗಳ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕಿತ್ತು.

"ಅಕ್ಕಾ, ನನ್ನ ಮೀನುಗಳು ಆ ತಿಂಗಳೇ ಮೊಟ್ಟೆ ಇಡೋದು. ಸ್ವಲ್ಪ ತಡೆದು ಇಡ್ರಮ್ಮ ಅಂತ ನಾನು ಹೇಳೋಕಾಗುತ್ತಾ?" ಎಂದು ಮೀನಿನ ಪ್ರೊಫೆಸರು ಗೋಗರೆಯುವರು.

"ನಿಮ್ಮ ಮೀನು ವರ್ಷಾ ವರ್ಷಾ ಇಡ್ತವೆ ಸಾರ್. ಇವರ ಬೆಟ್ಟ ನೀರಿನೊಳಗೆ ಹೊಗೆ ಬಿಡೋಕೆ ಶುರು ಮಾಡಿರೋದು ಈಗ."

"ಬೆಟ್ಟ ಎಲ್ಲಿಗೂ ಎದ್ದು ಓಡಲ್ಲವಲ್ಲ!"

"ಹೊಗೆ ಓಡುತ್ತಲ್ಲ."

ಎಲ್ಲರೂ ನಗುವರು. ಆ ನಗುವಿನ ನಡುವೆಯೇ ಅವಳು ಪಟ್ಟಿಯನ್ನು ಟಕ್ಕನೆ ಗಾಡಿಗೆ ಒತ್ತಿಬಿಡುವಳು. ಒತ್ತಿದ ಮೇಲೆ ಚರ್ಚೆಯಿಲ್ಲ.

ಅವಳು ತಾನೇ ಹಟ ಹಿಡಿದು ತಂದ ನಿಯಮ ಒಂದಿತ್ತು. ಹಿಂದೆ ಒಬ್ಬ ಹೆಸರಾಂತ ಪ್ರೊಫೆಸರು ತಮ್ಮ ಯಾವುದೋ ಯಂತ್ರ ಬರಲಿ ಎಂದು ದೊಡ್ಡಕ್ಕನನ್ನು ಧಕ್ಕೆಗೆ ಕಟ್ಟಿಹಾಕಿ ಕೂರಿಸಿಕೊಂಡಿದ್ದರು. ಹಡಗು ಸುಮ್ಮನೆ ನಿಂತಿತ್ತು. ಅತ್ತ ಒಂದು ಸಣ್ಣ ಕಾಲೇಜಿನವರು ಸರತಿಯಲ್ಲಿ ಕಾದು ಕಾದು, ತಮ್ಮ ಕಾಲ ಮೀರಿ, ಪೆಟ್ಟಿಗೆ ಹೊತ್ತು ಬಂದ ದಾರಿಗೆ ಸುಂಕವಿಲ್ಲದಂತೆ ವಾಪಸು ಹೋದರು. ಅದು ಅವಳ ಕರುಳಿಗೆ ಚುಚ್ಚಿತು. ನಿರ್ದೇಶಕರ ಕೋಣೆಗೆ ನುಗ್ಗಿ ಅವಳು ಮಾಡಿಸಿದ ನಿಯಮ ಇದು: ನಿಂತ ದಿನ ಹಿಂದಿನವರದು. ಹಡಗು ಕೆಟ್ಟೋ ಮತ್ತೊಂದಕ್ಕೋ ನಿಂತರೆ ತಕ್ಷಣ ತಿಳಿಸಬೇಕು. ಅದು ದಡಕ್ಕೆ ಬಂದು, ರಿಪೇರಿಯಾಗಿ, ಸರತಿಯಲ್ಲಿ ಹಿಂದೆ ಇರುವವರನ್ನು ಹತ್ತಿಸಿಕೊಳ್ಳಬೇಕು. ನಿಂತ ಯಾತ್ರೆಯವರು ಸರತಿಯ ಬಾಲಕ್ಕೆ. ಸಣ್ಣ ಕಾಲೇಜಿನವರು ಅವಳನ್ನು ತಾಯಿ ಎಂದರು. ದೊಡ್ಡವರು ಮೂಗು ಮುರಿದರು. ಅವಳು ಎರಡನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಗೆಂದು ಅವಳೇನೂ ಕಲ್ಲಲ್ಲ. ಆದರೆ ಹಲಗೆಯ ಮುಂದೆ ಕಲ್ಲಾಗುತ್ತಿದ್ದಳು. ಒಮ್ಮೆ ಪುಟ್ಟಿಯ ಅಡುಗೆಯವನ ತಂದೆ ಸಾಯುವ ಸ್ಥಿತಿಯಲ್ಲಿದ್ದರು. ಹಡಗನ್ನು ಒಂದು ದಿನದ ಮಟ್ಟಿಗೆ ದಡಕ್ಕೆ ತರಿಸಿ ಎಂದು ಅವನ ತಂಗಿ ಕಚೇರಿಗೆ ಬಂದು ಅತ್ತಳು. ಹಲಗೆಯಕ್ಕ ಅವಳಿಗೆ ನೀರು ಕೊಟ್ಟಳು, ತಲೆ ಸವರಿದಳು, ಆಮೇಲೆ ಹೇಳಿದಳು: "ಹಡಗಲ್ಲಿ ಯಾರಿಗಾದ್ರೂ ಕಾಯಿಲೆ ಆದ್ರೆ ತಿರುಗಿಸ್ತೀನಮ್ಮ. ಮನೆಯ ಕಾಯಿಲೆಗೆ ತಿರುಗಿಸಿದ್ರೆ ಹಡಗು ಸಮುದ್ರದಲ್ಲೇ ಇರಲ್ಲ." ಅಡುಗೆಯವನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಲಗೆಯಕ್ಕ ಹಡಗಿಗೆ ಬಂದಾಗಲೆಲ್ಲ ಚಹಾ ಕೊಡುವನು, ಮುಖ ಬೇರೆ ಕಡೆ ತಿರುಗಿಸಿಕೊಂಡು.

ಇನ್ನು ಅವಳ ಮನೆಯ ವಿಷಯ. ಅವಳ ಗಂಡ ನಡುವಿನವಳ ವಿಂಚಿನವನು. ಉಕ್ಕಿನ ಹಗ್ಗಕ್ಕೆ ವಿಜ್ಞಾನಿಗಳ ಉಪಕರಣಗಳನ್ನು ಕಟ್ಟಿ ಸಮುದ್ರದ ತಳಕ್ಕೆ ಇಳಿಸುವ, ಎತ್ತುವ ಆ ಯಂತ್ರ ಅವನ ಕೈಯಲ್ಲಿ ಸಾಕಿದ ದನದ ಹಾಗೆ ಮಾತು ಕೇಳುತ್ತಿತ್ತು. ಅಂದರೆ ಅವನು ಯಾವಾಗ ಮನೆಯಲ್ಲಿರಬೇಕು, ಯಾವಾಗ ಇರಬಾರದು ಎಂಬುದನ್ನು ಹೆಂಡತಿಯೇ ಪಟ್ಟಿ ಒತ್ತಿ ತೀರ್ಮಾನಿಸುತ್ತಿದ್ದಳು. ತನಗೆ ಬೇಕೆಂದು ಒಂದು ಪಟ್ಟಿಯನ್ನೂ ಕೂದಲೆಳೆಯಷ್ಟು ಸರಿಸಿದವಳಲ್ಲ. ಅದು ಅವಳ ಹೆಮ್ಮೆ.

ಮಕ್ಕಳಿಲ್ಲದ ಆ ಮನೆಯಲ್ಲಿ ಮೂರನೆಯವರು ಅತ್ತೆ. ನಾಲಿಗೆ ಚುರುಕು, ಕಾಲು ಮಂದ.

"ಎಲ್ಲರ ಮನೇಲೂ ಸೊಸೆ ಬಂದು ಮಗನನ್ನ ಕಿತ್ಕೊಂಡ್ಲು ಅಂತಾರೆ. ನನ್ನ ಸೊಸೆ ಕಿತ್ಕೊಂಡು ತಾನೂ ಇಟ್ಕೊಳ್ಳಲಿಲ್ಲ, ಸಮುದ್ರಕ್ಕೆ ಎಸೆದ್ಲು," ಎಂದು ಬಂದವರ ಮುಂದೆಲ್ಲ ಹೇಳುವರು.

"ಎಸೆದಿಲ್ಲ ಅತ್ತೆ, ಸಾಲ ಕೊಟ್ಟಿದೀನಿ."

"ಬಡ್ಡಿ ಎಲ್ಲೇ?"

ಬೈಗುಳವೋ ಅಕ್ಕರೆಯೋ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಅವರಿಬ್ಬರಿಗೆ ತಿಳಿದಿತ್ತು. ಗಂಡ ಇಲ್ಲದ ತಿಂಗಳುಗಳಲ್ಲಿ ಒಬ್ಬರಿಗೊಬ್ಬರು ದಿಕ್ಕು.

ಅಡುಗೆಮನೆಯ ಗೋಡೆಗೆ ಅತ್ತೆ ಒಂದು ಹಳೆಯ ಸಮುದ್ರದ ನಕ್ಷೆ ಅಂಟಿಸಿದ್ದರು. ಮಗನ ಹರಿದ ಅಂಗಿಯ ಒಂದು ಬಿಳಿ ಗುಂಡಿಯನ್ನು ಸೂಜಿಯಲ್ಲಿ ಪೋಣಿಸಿ ನಕ್ಷೆಗೆ ಚುಚ್ಚಿದ್ದರು. ಆಗ ಹಡಗಿನಿಂದ ಕಚೇರಿಗೆ ದಿನಕ್ಕೆ ಒಂದೇ ಸಂದೇಶ ಬರುತ್ತಿತ್ತು, ಮಧ್ಯಾಹ್ನಕ್ಕೆ: ಎಲ್ಲಿದ್ದೇವೆ, ಗಾಳಿ ಹೇಗಿದೆ, ಎಲ್ಲರೂ ಕ್ಷೇಮ. ಕೊನೆಯಲ್ಲಿ ಮನೆಯವರಿಗೆ ಒಂದು ಸಾಲು. ಸಂಜೆ ಸೊಸೆ ಚಪ್ಪಲಿ ಬಿಡುವ ಮೊದಲೇ ಅತ್ತೆಯ ಪ್ರಶ್ನೆ, "ನನ್ನ ಮಗ ಇವತ್ತು ಎಲ್ಲಿ?" ಸೊಸೆ ಗುಂಡಿ ಕಿತ್ತು ಹೊಸ ಜಾಗಕ್ಕೆ ಚುಚ್ಚುವಳು. ಅತ್ತೆ ಅದನ್ನೊಮ್ಮೆ ಬೆರಳಿಂದ ಮುಟ್ಟಿ ಊಟಕ್ಕೆ ಕೂರುವರು.

ಆ ವರ್ಷ ನಡುವಿನವಳ ಒಂದು ಯಾತ್ರೆ ಸಣ್ಣ ಕಾಲೇಜೊಂದರ ಉಪನ್ಯಾಸಕಿಗೆ ಸಿಕ್ಕಿತ್ತು. ಸಮುದ್ರದ ತಳದ ಕೆಸರನ್ನು ಎತ್ತಿ ತಂದು ಓದುವ ಕೆಲಸ ಅವಳದು. ವರ್ಷಗಟ್ಟಲೆ ಸರತಿಯಲ್ಲಿ ಕಾದವಳು. ಪಟ್ಟಿ ಗಾಡಿಗೆ ಕೂತ ದಿನ ಹಲಗೆಯಕ್ಕನ ಕೈ ಹಿಡಿದುಕೊಂಡು, "ಅಕ್ಕಾ, ಇದು ತಪ್ಪಿದ್ರೆ ನಾನು ಮುಗಿದೆ," ಎಂದಿದ್ದಳು.

"ತಪ್ಪೋದು ಯಾಕಮ್ಮ? ನಮ್ಮ ಯಜಮಾನರೇ ವಿಂಚಿನಲ್ಲಿದ್ದಾರೆ. ಸಮುದ್ರದ ತಳಾನೇ ಎತ್ತಿ ಕೊಡ್ತಾರೆ."

ಹಡಗು ಹೊರಟ ಮರುವಾರ ಅತ್ತೆ ಹಾಸಿಗೆ ಹಿಡಿದರು. ಮೊದಲು ಜ್ವರ, ಆಮೇಲೆ ಉಬ್ಬಸ, ಆಮೇಲೆ ಊಟ ಬೇಡವಾಯಿತು. ಬೀದಿಯ ಕೊನೆಯ ಡಾಕ್ಟರು ಬಂದು ಎದೆಗೆ ಕೊಳವೆ ಇಟ್ಟು ನೋಡಿ, ಅವಳನ್ನು ಹಿತ್ತಲ ಬಾಗಿಲ ಬಳಿಗೆ ಕರೆದರು.

"ಹೃದಯ ಸೋತಿದೆಯಮ್ಮ. ಮಗ ಎಲ್ಲಿ?"

"ಸಮುದ್ರದಲ್ಲಿ."

"ಕರೆಸೋ ಹಾಗಿದ್ರೆ ಈಗ ಕರೆಸಿ."

ಒಳಗೆ ಬಂದಾಗ ಅತ್ತೆ ಕಣ್ಣು ಬಿಟ್ಟುಕೊಂಡೇ ಇದ್ದರು. ಕಿವಿ ಅವರಿಗೆ ಕೊನೆಯತನಕ ಚುರುಕು.

"ಡಾಕ್ಟರು ಹೇಳಿದ್ದು ಕೇಳಿಸ್ತು. ಅವನನ್ನ ಕರೆಸೇ."

ತಮಾಷೆಯಿಲ್ಲ, ಕೊಂಕಿಲ್ಲ. ಅಷ್ಟು ವರ್ಷಗಳಲ್ಲಿ ಅತ್ತೆ ಅವಳನ್ನು ನೆಟ್ಟಗೆ ಕೇಳಿದ್ದು ಅದೊಂದೇ. ಸೊಸೆ ಹೊದಿಕೆ ಸರಿಪಡಿಸಿದಳು.

ಕರೆಸುವುದು ಅವಳಿಗೆ ಎಷ್ಟು ಹೊತ್ತಿನ ಕೆಲಸ? ಹಡಗು ಇದ್ದದ್ದು ಎರಡು ದಿನದ ದಾರಿಯಲ್ಲಿ. ಒಂದು ಸಂದೇಶ ಸಾಕಿತ್ತು. ಗಂಡನಿಗೆ ತಿಳಿದರೆ ಅವನು ಕಪ್ತಾನನಿಗೆ ಹೇಳುವನು, ಕಪ್ತಾನ ಉಪನ್ಯಾಸಕಿಯನ್ನು ಕೇಳುವನು, ಉಪನ್ಯಾಸಕಿ ಒಪ್ಪಿಬಿಡುವಳು. ಮುಂದಿನ ವರ್ಷವೂ ಅದರ ಮುಂದಿನ ವರ್ಷವೂ ಹಡಗಿಗಾಗಿ ಹಲಗೆಯಕ್ಕನ ಮುಂದೆಯೇ ನಿಲ್ಲಬೇಕಾದವಳು ಇಲ್ಲ ಎನ್ನುವುದುಂಟೆ? ಅಲ್ಲೇ ಇತ್ತು ತೊಡಕು. ಅವಳು ಕೇಳಿದರೆ ಅದು ಕೇಳಿದಂತೆ ಆಗುತ್ತಿರಲಿಲ್ಲ, ಕಿತ್ತುಕೊಂಡಂತೆ ಆಗುತ್ತಿತ್ತು. ಅದರ ಮೇಲೆ ಅಡುಗೆಯವನ ತಂಗಿಯ ಮುಖ ಕಣ್ಣಿಗೆ ಕಟ್ಟುತ್ತಿತ್ತು. ಅವಳಿಗಿಲ್ಲದ ಹಡಗು ನನಗೆಲ್ಲಿಂದ ಬಂತು?

ಆ ದಿನದ ಸಂದೇಶದ ಕೊನೆಯಲ್ಲಿ ಗಂಡನ ಸಾಲು ಇತ್ತು: ಅಮ್ಮ ಹೇಗಿದ್ದಾಳೆ? ಅವಳು ಉತ್ತರಿಸಿದಳು: ಚೆನ್ನಾಗಿದ್ದಾರೆ, ಚಿಂತೆ ಬೇಡ.

ಅಷ್ಟರಲ್ಲಿ ಇನ್ನೊಂದು ನಡೆಯಿತು. ಮಧ್ಯಾಹ್ನದ ಸಂದೇಶದಲ್ಲಿ ಹಡಗಿನ ಜಾಗ ಹಿಂದಿನ ದಿನದ್ದೇ ಬಂತು. ಮರುದಿನವೂ ಅದೇ. ಅದರ ಮರುದಿನವೂ ಅದೇ. ಕೆಸರು ಎತ್ತಲು ಹಡಗು ಒಂದೆಡೆ ನಿಲ್ಲಬೇಕು ನಿಜ, ಆದರೆ ಇಷ್ಟು ದಿನವೇ? ಅತ್ತೆ ಹಾಸಿಗೆಯಿಂದಲೇ ತೆರೆದ ಬಾಗಿಲ ಮೂಲಕ ಅಡುಗೆಮನೆಯ ನಕ್ಷೆ ನೋಡುತ್ತಿದ್ದರು.

"ಗುಂಡಿ ಕದಲಲೇ ಇಲ್ಲವಲ್ಲೇ."

"ಕೆಲಸ ನಡೀತಿದೆ ಅತ್ತೆ. ಒಂದೇ ಕಡೆ ನಿಂತು ಮಾಡೋ ಕೆಲಸ."

"ಕಟ್ಟಿಹಾಕಿದ ಎಮ್ಮೆ ಹಾಗೆ ನಿಂತಿದೆ. ನಿಂತ ಹಡಗನ್ನ ಕರೆಸೋಕೆ ಏನೇ ಕಷ್ಟ?"

ಆ ಮಾತು ಮುಳ್ಳಿನ ಹಾಗೆ ಒಳಗೆ ಮುರಿದುಕೊಂಡಿತು. ಮರುದಿನ ಕಚೇರಿಯಲ್ಲಿ ಅವಳು ಹಡಗಿಗೆ ಒಂದು ಪ್ರಶ್ನೆ ಬರೆದಳು: ಕೆಲಸ ನಡೆಯುತ್ತಿದೆಯೇ, ನಿಂತಿದ್ದೀರೋ? ಬೇರೆ ಯಾರ ಮನೆಯ ವಿಷಯವಾಗಿದ್ದರೂ ಅದನ್ನು ಆಗಲೇ ಕಳಿಸಿರುತ್ತಿದ್ದಳು, ಅದು ಅವಳ ಕರ್ತವ್ಯ. ಈಗ ಕೈ ತಡೆಯಿತು. ಇದನ್ನು ಕೇಳುತ್ತಿರುವುದು ಹಲಗೆಯಕ್ಕನೋ, ಸೊಸೆಯೋ? ನಿಂತಿದ್ದೇವೆ ಎಂದು ಬರಲಿ ಎಂದು ಅವಳ ಒಳಗೊಂದು ಜೀವ ಹಾತೊರೆಯುತ್ತಿತ್ತು. ಆ ಆಸೆ ಕಂಡೇ ಅವಳಿಗೆ ಹೆದರಿಕೆಯಾಯಿತು. ಚೀಟಿಯನ್ನು ಮುದುರಿ ಬುಟ್ಟಿಗೆ ಹಾಕಿದಳು.

ಅವತ್ತು ಸಂಜೆ ಅತ್ತೆ ಕೇಳಿದರು, "ಕದಲಿತಾ?"

ಅವಳು ಅಡುಗೆಮನೆಗೆ ಹೋದಳು. ಗುಂಡಿ ಕಿತ್ತಳು. ದಡದ ಕಡೆಗೆ ಒಂದು ಬೆರಳಗಲ ಸರಿಸಿ ಚುಚ್ಚಿದಳು.

"ಕದಲಿತು ಅತ್ತೆ. ಹೊರಟಿದ್ದಾರೆ."

ಮಾರನೇ ದಿನ ಗುಂಡಿ ಇನ್ನೊಂದು ಬೆರಳಗಲ ಹತ್ತಿರ ಬಂತು. ಅದರ ಮಾರನೇ ದಿನ ಬಂದರಿನ ಬಾಯಿಗೇ ಬಂತು. ಅತ್ತೆಯ ಉಸಿರು ಆಗ ಹರಿದ ತಿದಿಯ ಹಾಗೆ ಆಗಿತ್ತು. ಅವಳು ರಜೆ ಹಾಕಿ ಪಕ್ಕದಲ್ಲೇ ಕೂತಿದ್ದಳು. ಬಿಸಿಲು ನೆಲದ ಮೇಲೆ ಹಾಸಿಕೊಂಡ ಹೊತ್ತಿನಲ್ಲಿ ಅತ್ತೆ ಅವಳ ಕೈಯನ್ನು ತಡಕಿ ಹಿಡಿದು, ತೋರುಬೆರಳನ್ನು ಮೆಲ್ಲಗೆ ಒತ್ತಿದರು.

"ನಿನ್ನ ಬೆರಳಿಗೆ ಸಮುದ್ರ ದಾಟೋದು ಎಷ್ಟು ಸುಲಭ ಕಣೇ," ಎಂದರು. "ಆಗಲಿ ಬಿಡು. ಬಂದ ಅಂತಲೇ ಅಂದ್ಕೋತೀನಿ."

ಅವತ್ತು ಮಧ್ಯಾಹ್ನವೇ ಹೋದರು.

ಮಗನಿಗೆ ಆಗ ಸಂದೇಶ ಹೋಯಿತು. ಹಡಗು ಹೇಗೂ ಸಮಯಕ್ಕೆ ಬರಲಾರದು. ಡಾಕ್ಟರು, ಬಡಗಿ, ಕಚೇರಿಯವರು, ಬೀದಿಯವರು ಸೇರಿ ಮಣ್ಣು ಮಾಡಿ ಬಂದರು. ಎಲ್ಲರೂ ಹೋದ ಮೇಲೆ ಬಾಗಿಲಲ್ಲಿ ಒಬ್ಬ ನಿಂತಿದ್ದ. ಪುಟ್ಟಿಯ ಅಡುಗೆಯವನು. ಕೈಯಲ್ಲಿ ಗಂಜಿಯ ಪಾತ್ರೆ. ಅಷ್ಟು ವರ್ಷಗಳ ಮೇಲೆ ಮೊದಲ ಸಲ ಅವಳ ಮುಖ ನೋಡಿ ಮಾತಾಡಿದ.

"ಕರೆಸಬಹುದಿತ್ತಲ್ಲ ಅಕ್ಕಾ."

"ನಿಮ್ಮ ತಂಗಿಗೆ ಆಗಲ್ಲ ಅಂದಿದ್ದೆನಲ್ಲಪ್ಪ."

"ಅದಕ್ಕೇ ಕರೆಸಬೇಕಿತ್ತು." ಅವನು ಪಾತ್ರೆಯನ್ನು ಕಟ್ಟೆಯ ಮೇಲಿಟ್ಟ. "ನೀವು ಕರೆಸಿದ್ರೆ ನಿಮ್ಮನ್ನ ಬಾಯಿ ತುಂಬ ಬೈಕೊಂಡು ಹಗುರಾಗ್ತಿದ್ದೆ. ಈಗ ಅದೂ ಇಲ್ಲ. ಬಿಸಿ ಇರೋವಾಗಲೇ ಎರಡು ಗುಟುಕು ಕುಡೀರಿ."

ಯಾತ್ರೆ ಮುಗಿಸಿ ಗಂಡ ಬಂದ. ಬಂದವನು ನೇರ ಅಮ್ಮನ ಖಾಲಿ ಮಂಚದ ಹತ್ತಿರ ಹೋಗಿ ಕೂತ. ಅತ್ತು ಮುಗಿಸಿ, ನೀರು ಕುಡಿಯಲು ಅಡುಗೆಮನೆಗೆ ಹೋದವನು ಅಲ್ಲೇ ನಿಂತುಬಿಟ್ಟ. ಗುಂಡಿ ಬಂದರಿನ ಬಾಯಲ್ಲಿತ್ತು.

"ಇದ್ಯಾರು ಇಲ್ಲಿಗೆ ತಂದಿದ್ದು? ಅಮ್ಮ ಹೋದ ದಿನ ನಾವು ಇಲ್ಲಿ ಇರಲೇ ಇಲ್ಲವಲ್ಲ."

"ನಾನೇ," ಎಂದಳು. ಉಳಿದದ್ದನ್ನೂ ಹೇಳಿದಳು. ಅತ್ತೆ ಕೇಳಿದ್ದು, ತಾನು ಕರೆಸದಿದ್ದುದು, ಚೆನ್ನಾಗಿದ್ದಾರೆ ಎಂದು ಬರೆದದ್ದು, ಯಾವುದನ್ನೂ ಬಚ್ಚಿಡಲಿಲ್ಲ. "ನಿಮ್ಮ ಕೆಲಸ ಕೆಡಿಸೋಕೆ ಮನಸ್ಸು ಬರಲಿಲ್ಲ ರೀ. ಆ ಹುಡುಗಿ ಅಷ್ಟು ವರ್ಷ ಕಾದಿದ್ಲು."

ಅವನು ಗೋಡೆಗೆ ಒರಗಿ ಕುಸಿದು ಕೂತ. ಸಿಟ್ಟು ಬರುತ್ತದೆಂದು ಅವಳು ಕಾದಳು. ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಯಾವ ಕೆಲಸ ಕಣೇ? ವಿಂಚ್ ಕೆಟ್ಟಿತ್ತು."

"ಏನು?"

"ವಿಂಚಿನ ಹಲ್ಲು ಮುರಿದುಹೋಗಿತ್ತು. ಒಂದು ಹಿಡಿ ಕೆಸರೂ ಎತ್ತಲಿಲ್ಲ ಆ ವಾರ. ಸುಮ್ಮನೆ ನಿಂತಿದ್ವಿ. ನಾನೇ ಕೂತು ಅರ ಹಿಡಿದು ಹೊಸ ಹಲ್ಲು ಉಜ್ಜಿ ಕೂರಿಸಿದೆ. ಆಮೇಲೆ ಅಷ್ಟೋ ಇಷ್ಟೋ ಎತ್ತಿದ್ವಿ."

"ನಿಂತಿದ್ರೆ ತಿಳಿಸಬೇಕು ಅಂತ ನಿಯಮ ಇಲ್ವಾ?"

"ಅದಕ್ಕೇ ತಿಳಿಸಲಿಲ್ಲ. ಅಕ್ಕಂಗೆ ಗೊತ್ತಾದ್ರೆ ಹಡಗನ್ನ ವಾಪಸು ಕರೆಸಿ ನನ್ನನ್ನ ಸರತಿಯ ಬಾಲಕ್ಕೆ ತಳ್ತಾರೆ ಅಂತ ಆ ಹುಡುಗಿ ಅತ್ಲು. ಕಪ್ತಾನರು ನನ್ನ ಮುಖ ನೋಡಿದ್ರು. ನಾನೇ ಹೇಳಿದೆ, ಯಾರೂ ಬಾಯಿ ಬಿಡೋದು ಬೇಡ, ಇಲ್ಲೇ ಸರಿ ಮಾಡ್ತೀನಿ ಅಂತ."

"ನನಗೆ ಹೆದರಿ?"

"ನಿನಗೇ ಹೆದರಿ."

ಒಲೆಯ ಮೇಲಿಟ್ಟ ನೀರು ಕುದಿದು ಕುದಿದು ಬತ್ತಿತು. ಇಬ್ಬರಲ್ಲಿ ಯಾರೂ ಏಳಲಿಲ್ಲ. ಕೆಟ್ಟು ನಿಂತ ಹಡಗು, ಯಾರಿಗೂ ಬೇಡವಾದ ದಿನಗಳು, ಎರಡು ದಿನದ ದಾರಿ. ಆ ಒಂದು ಚೀಟಿಯನ್ನು ಕಳಿಸಿದ್ದರೆ ಸಾಕಿತ್ತು. ಸಣ್ಣವರಿಗೆ ನೆರಳಾಗಲಿ ಎಂದು ಅವಳು ಕಟ್ಟಿದ ನಿಯಮಕ್ಕೆ ಆ ಸಣ್ಣವರೇ ಹೆದರಿ ಉಸಿರು ಬಿಗಿಹಿಡಿದು ಕೂತಿದ್ದರು, ಅವಳೂ ಅದಕ್ಕೇ ಹೆದರಿ ಕೂತಿದ್ದಳು. ನಡುವೆ ಒಂದು ಮುದಿಜೀವ ಬಾಗಿಲ ಕಡೆ ನೋಡುತ್ತ ಹೋಯಿತು.

ಮುಂದಿನ ವರ್ಷದ ಸಭೆಯಲ್ಲಿ ಅವಳು ಪಟ್ಟಿ ಒತ್ತುವ ಮೊದಲು ಎದ್ದು ನಿಂತು, ನಿಂತ ದಿನದ ನಿಯಮವನ್ನು ತೆಗೆಯಬೇಕೆಂದಳು. ಹಡಗು ತಾನಾಗಿ ಕೆಟ್ಟರೆ ಆ ದಿನಗಳು ಕಳೆದುಕೊಂಡವರಿಗೇ ಮುಂದೆ ಮರಳಿ ಸಿಗಬೇಕು, ಬೇಕೆಂದು ನಿಲ್ಲಿಸಿಕೊಂಡರೆ ಮಾತ್ರ ಹಿಂದಿನವರಿಗೆ.

ಹೆಸರಾಂತ ಪ್ರೊಫೆಸರು ನಕ್ಕರು. "ಏನಕ್ಕಾ ಇದು, ನೀವೇ ಕಟ್ಟಿದ ಗೋಡೆ ನೀವೇ ಕೆಡವ್ತೀರಾ?"

"ಬೇರೆಯವರು ಕೆಡವಿದ್ರೆ ಇಟ್ಟಿಗೆ ಯಾರ ತಲೆ ಮೇಲೋ ಬೀಳುತ್ತೆ ಸಾರ್. ನಾನಾದ್ರೆ ನೋಡಿಕೊಂಡು ಕೆಡವ್ತೀನಿ."

ಹಿಂದಿನ ಸಾಲಿನಲ್ಲಿ ಉಪನ್ಯಾಸಕಿ ತಲೆ ತಗ್ಗಿಸಿ ಕೂತಿದ್ದಳು. ಹಲಗೆಯಕ್ಕನ ಗಂಡನಿಂದ ಅವಳಿಗೆ ವಿಷಯ ತಿಳಿದಿತ್ತು. ಸಭೆ ಮುಗಿದ ಮೇಲೆ ಹತ್ತಿರ ಬಂದು ನಿಂತಳು. ಹಲಗೆಯಕ್ಕ ಅವಳ ಬೆನ್ನು ತಟ್ಟಿ, "ನಿನ್ನ ಪಟ್ಟಿ ಯಾವ ಬಣ್ಣ? ಹಳದಿ ಅಲ್ವಾ? ಬಾ, ಎಲ್ಲಿ ಕೂರುತ್ತೆ ನೋಡೋಣ," ಎಂದಳು.

ಗಂಡ ಮತ್ತೆ ಸಮುದ್ರಕ್ಕೆ ಹೋದ, ಹಲಗೆ ಹೇಳಿದ ದಿನಕ್ಕೇ. ಮೊದಲಿನ ಹಾಗೆ ಹೋಗುವಾಗ ಬಾಗಿಲಲ್ಲಿ ತಿರುಗಿ ತಮಾಷೆ ಮಾಡುತ್ತಿರಲಿಲ್ಲ. ಅವರ ನಡುವೆ ಜಗಳವಿರಲಿಲ್ಲ, ಆದರೆ ಮಾತು ಉಪ್ಪಿಲ್ಲದ್ದಾಗಿತ್ತು. ಅಡುಗೆಮನೆಯ ನಕ್ಷೆಯನ್ನು ಇಬ್ಬರೂ ತೆಗೆಯಲಿಲ್ಲ. ಗುಂಡಿ ಬಂದರಿನ ಬಾಯಲ್ಲೇ ಉಳಿಯಿತು, ಸೂಜಿಗೆ ತುಕ್ಕು ಹಿಡಿಯಿತು.

ಹೊಸ ನಿಯಮ ಜಾರಿಗೆ ಬಂದ ಮೇಲೆ ಹಡಗಿನವರು ಬಚ್ಚಿಡುವುದನ್ನು ಬಿಟ್ಟರು. ವಿಂಚ್ ಕೆಟ್ಟಿದೆ, ನಿಂತಿದ್ದೇವೆ ಎಂದು ಆ ದಿನವೇ ಸಂದೇಶ ಬರುತ್ತಿತ್ತು. ಕಚೇರಿಯಲ್ಲಿ ಉಳಿದವರು ತಲೆ ಮೇಲೆ ಕೈ ಹೊತ್ತರೆ ಹಲಗೆಯಕ್ಕ ಸ್ಟೂಲಿನ ಮೇಲೆ ಸುಮ್ಮನೆ ಕೂತು ಅದನ್ನು ಎರಡು ಸಲ ಓದುವಳು. ಆಮೇಲೆ ಉತ್ತರದಲ್ಲಿ ಮೊದಲು ಒಂದೇ ಪ್ರಶ್ನೆ ಕೇಳುವಳು: ಹಡಗಿನಲ್ಲಿ ಯಾರಿಗಾದರೂ ಮನೆಗೆ ಬರಬೇಕಾದ ತುರ್ತು ಇದೆಯೇ? ಆ ಪ್ರಶ್ನೆ ಯಾಕೆಂದು ಹೊಸಬರು ಕೇಳಿದರೆ, ಅಲ್ಲಿನ ರೂಢಿ ಎನ್ನುತ್ತಿದ್ದಳು.

ಬಹಳಷ್ಟು ಸಲ ಯಾರಿಗೂ ಇಲ್ಲ ಎಂದೇ ಬರುತ್ತಿತ್ತು. ಓದಿ, ಮಡಚಿ, ಕನ್ನಡಕ ಒರೆಸಿಕೊಂಡು, ಮುಂದಿನ ಪಟ್ಟಿಗೆ ಕೈ ಚಾಚುವಳು.